ಹೇಳಿ ಮಾಡಿಸಿದ ವಾದ್ಯ

ಒಂದು ವಸ್ತು ಒಬ್ಬರಿಗೆ ಎಲ್ಲ ರೀತಿಯಿಂದಲೂ ಒಪ್ಪುವಂತಿದ್ದರೆ ‘ಹೇಳಿ ಮಾಡಿಸಿದಂತಿದೆ’ ಎನ್ನುವುದು ಕನ್ನಡದ ವಾಡಿಕೆ. ಈ ನುಡಿಗಟ್ಟಿನ ಹಿಂದೆ ಒಂದು ಜೀವನಕ್ರಮವೇ ಅಡಗಿದೆ. ರೈತನು ತನ್ನ ಎತ್ತುಗಳ ಎತ್ತರವನ್ನು ತಿಳಿಸಿ ಬಡಗಿಯಿಂದ ನೊಗವನ್ನು ಮಾಡಿಸುತ್ತಿದ್ದನು; ತನ್ನ ಕೈಹಿಡಿತಕ್ಕೆ ತಕ್ಕ ಕುಡುಗೋಲನ್ನು ಕಮ್ಮಾರನ ಕುಲುಮೆಯ ಮುಂದೆ ಕುಳಿತು ಹೊಡೆಸಿಕೊಳ್ಳುತ್ತಿದ್ದನು; ಕಾಲಿನ ಅಳತೆ ಕೊಟ್ಟು ಮೆಟ್ಟು ಹೊಲಿಸುತ್ತಿದ್ದನು. ಹೇಳುವವನೂ ಮಾಡುವವನೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಯಂತ್ರಗಳ ಕಾಲದಲ್ಲಿ ಈ ಸಂಬಂಧ ಬಹುಮಟ್ಟಿಗೆ ಮರೆಯಾಯಿತು. ಅಂಗಡಿಯಲ್ಲಿ ಎಲ್ಲ ಅಳತೆಗಳೂ ಮೊದಲೇ ನಿಶ್ಚಿತವಾಗಿರುತ್ತವೆ. ಕೊಳ್ಳುವವನು ಅವುಗಳಿಗೆ ಹೊಂದಿಕೊಳ್ಳಬೇಕು. ಆದರೂ ‘ಹೇಳಿ ಮಾಡಿಸುವ’ ಪದ್ಧತಿ ಕೆಲವು ಕ್ಷೇತ್ರಗಳಲ್ಲಿ ಇನ್ನೂ ಜೀವಂತವಾಗಿದೆ. ಸಂಗೀತವಾದ್ಯಗಳ ಲೋಕ ಅಂಥವುಗಳಲ್ಲಿ ಒಂದು. ಆ ಲೋಕದ ಒಂದು ಪುಟ್ಟ ವಾದ್ಯದ ಕಥೆ ಇಲ್ಲಿದೆ.

ಶಾಂತಸಾಗರದ ನಡುವೆ, ಯಾವ ಭೂಖಂಡಕ್ಕೂ ಸಮೀಪವಲ್ಲದ ಸ್ಥಳದಲ್ಲಿ, ಜ್ವಾಲಾಮುಖಿಗಳಿಂದ ಹುಟ್ಟಿದ ಹವಾಯಿ ದ್ವೀಪಸಮೂಹವಿದೆ. ಭಾರತೀಯರಿಗೆ ಹವಾಯಿಯ ಹೆಸರು ಕೇಳಿದೊಡನೆ ಮಡಿಲ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಕಡ್ಡಿಯನ್ನು ಜಾರಿಸಿ ನುಡಿಸುವ ಹವಾಯಿ ಗಿಟಾರ್ ನೆನಪಾಗುತ್ತದೆ. ಬ್ರಿಜ್ ಭೂಷಣ್ ಕಾಬ್ರಾ ಅವರಂಥ ಕಲಾವಿದರು ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಅದಕ್ಕೆ ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಸ್ಥಾನ ದೊರಕಿಸಿದರು. ಆದರೆ ಹವಾಯಿಯ ಮನೆಮನೆಗಳಲ್ಲಿ ಕಾಣುವ ವಾದ್ಯ ಬೇರೊಂದು. ಅದು ನಾಲ್ಕೇ ತಂತಿಗಳ ಉಕುಲೇಲೆ. ನೋಡಲು ಗಿಟಾರಿನ ಮರಿಯಂತಿರುವ ಇದರ ಅತಿ ಚಿಕ್ಕ ಬಗೆಯ ಒಟ್ಟು ಉದ್ದ ಸುಮಾರು 53 ಸೆಂಟಿಮೀಟರ್ ಮಾತ್ರ. ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿ ಹಿಡಿದು ಇದನ್ನು ನುಡಿಸುತ್ತಾರೆ.

ಹವಾಯಿ ಭಾಷೆಯಲ್ಲಿ ‘ಉಕು’ ಎಂದರೆ ಚಿಗಟ, ‘ಲೇಲೆ’ ಎಂದರೆ ನೆಗೆತ. ವಾದಕನ ಬೆರಳುಗಳು ತಂತಿಗಳ ಮೇಲೆ ಚಿಗಟಗಳಂತೆ ನೆಗೆಯುವುದನ್ನು ಕಂಡು ಈ ಹೆಸರನ್ನಿಟ್ಟರೆಂಬುದು ಹೆಚ್ಚು ಪ್ರಚಾರದಲ್ಲಿರುವ ವಿವರಣೆ. ಆದರೆ ಹವಾಯಿಯ ಕೊನೆಯ ರಾಣಿಯೂ ಸ್ವತಃ ಗೀತರಚನಕಾರ್ತಿಯೂ ಆಗಿದ್ದ ಲಿಲಿಯುವೊಕಲಾನಿ ಈ ಪದಗಳಿಗೆ ‘ಇಲ್ಲಿಗೆ ಬಂದ ಕಾಣಿಕೆ’ ಎಂಬ ಅರ್ಥವನ್ನು ಹೇಳಿದಳು. ವಾದ್ಯದ ಚರಿತ್ರೆಯನ್ನು ತಿಳಿದವರಿಗೆ ರಾಣಿಯ ಮಾತು ಎಷ್ಟು ಉಚಿತವಾದುದೆಂಬುದು ಮನದಟ್ಟಾಗುತ್ತದೆ.

ಅಟ್ಲಾಂಟಿಕ್ ಸಾಗರದಲ್ಲಿ ಪೋರ್ಚುಗಲ್ಲಿಗೆ ಸೇರಿದ ಮಡೀರಾ ಎಂಬ ದ್ವೀಪವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ದ್ರಾಕ್ಷಿತೋಟಗಳಿಗೆ ರೋಗ ತಗುಲಿ ಜನರು ಬಡತನದಲ್ಲಿ ಬೆಂದರು. ಅದೇ ಸಮಯದಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಯಾಳುಗಳು ಬೇಕಾಗಿದ್ದರು. ನಾನೂರಕ್ಕೂ ಹೆಚ್ಚು ಮಂದಿ ಹೆಂಡಿರು ಮಕ್ಕಳೊಡನೆ ರೇವನ್ಸ್‌ಕ್ರ್ಯಾಗ್ ಎಂಬ ಹಾಯಿಹಡಗನ್ನೇರಿದರು. ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ, ಸುಮಾರು ನಾಲ್ಕು ತಿಂಗಳ ಕಾಲ ಕಡಲಲ್ಲಿ ತೊಳಲಿ, 1879ರ ಆಗಸ್ಟ್ 23ರಂದು ಹೋನೊಲುಲು ರೇವನ್ನು ಮುಟ್ಟಿದರು. ಅವರಲ್ಲಿ ಮ್ಯಾನುಯೆಲ್ ನೂನೆಸ್, ಅಗಸ್ಟೋ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರು ಮರಗೆಲಸದವರಿದ್ದರು. ಅದೇ ಹಡಗಿನಲ್ಲಿ ಬಂದ ಜೋವಾಂವ್ ಫರ್ನಾಂಡಿಸ್ ಎಂಬ ವಾದಕನು ತಮ್ಮ ನಾಡಿನ ‘ಮಚೇಟ್’ ಎಂಬ ಪುಟ್ಟ ತಂತಿವಾದ್ಯವನ್ನು ಬಂದರಿನಲ್ಲಿಯೇ ನುಡಿಸಿ ಹಾಡಿದನೆಂದು ಹೇಳುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ, ಮಡೀರಾದಿಂದ ಬಂದವರು ರಾತ್ರಿಯ ವೇಳೆ ಬೀದಿಗಳಲ್ಲಿ ಸಂಗೀತ ನುಡಿಸಿ ಊರಿನವರನ್ನು ರಂಜಿಸುತ್ತಿರುವರೆಂಬ ಸುದ್ದಿ ಹೋನೊಲುಲುವಿನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಮೂವರು ಕುಶಲಕರ್ಮಿಗಳು ಬಂದುದು ಕಬ್ಬಿನ ಕೂಲಿಗಾಗಿ. ಆದರೆ ಅವರ ಕೈಗಳು ತಮ್ಮ ವಿದ್ಯೆಯನ್ನು ಮರೆಯಲಿಲ್ಲ. 1880ರ ದಶಕದ ಮಧ್ಯಭಾಗದ ಹೊತ್ತಿಗೆ ಅವರು ಹೋನೊಲುಲು ಪಟ್ಟಣದಲ್ಲಿ ವಾದ್ಯ ತಯಾರಿಸುವ ಅಂಗಡಿಗಳನ್ನು ತೆರೆದಿದ್ದರು. ತಮ್ಮ ನಾಡಿನ ಮರ ಅಲ್ಲಿ ದೊರೆಯದಿದ್ದುದರಿಂದ ಹವಾಯಿಯ ‘ಕೋವಾ’ ಮರವನ್ನು ಬಳಸಿದರು. ಶ್ರುತಿಕ್ರಮವನ್ನೂ ಆಕಾರವನ್ನೂ ತುಸು ಮಾರ್ಪಡಿಸಿದರು. ಹೀಗೆ ಅನ್ಯನಾಡಿನ ವಾದ್ಯ ಆ ಮಣ್ಣಿನ ಮಗುವಾಯಿತು. 1881ರಲ್ಲಿ ವಿಶ್ವಪ್ರವಾಸ ಕೈಗೊಂಡು ಭಾರತಕ್ಕೂ ಬಂದುಹೋಗಿದ್ದ ಹವಾಯಿಯ ದೊರೆ ಕಲಾಕಾವುವಾ ಈ ವಾದ್ಯವನ್ನು ಮೆಚ್ಚಿ ಅರಮನೆಗೆ ಬರಮಾಡಿಕೊಂಡನು. ಹವಾಯಿಯ ಹೂಲಾ ನೃತ್ಯದೊಡನೆ ಅದು ನುಡಿಯತೊಡಗಿತು. 1893ರಲ್ಲಿ ಅವನ ತಂಗಿ ಲಿಲಿಯುವೊಕಲಾನಿಯನ್ನು ಸಿಂಹಾಸನದಿಂದಿಳಿಸಿದರು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿತು. ರಾಜ್ಯ ಹೋಯಿತು, ಹಾಡು ಉಳಿಯಿತು. ಆ ಹಾಡಿಗೆ ಊರುಗೋಲಾದ ವಾದ್ಯಗಳಲ್ಲಿ ಉಕುಲೇಲೆಯೂ ಒಂದು.

1915ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಹವಾಯಿಯ ಸಂಗೀತವನ್ನು ಕೇಳಿದ ಅಮೆರಿಕದ ಜನರು ಅದಕ್ಕೆ ಮರುಳಾದರು. ಬೇಡಿಕೆ ಹೆಚ್ಚಿದೊಡನೆ ದೂರದ ಕಾರ್ಖಾನೆಗಳು ಉಕುಲೇಲೆಗಳನ್ನು ರಾಶಿರಾಶಿಯಾಗಿ ತಯಾರಿಸತೊಡಗಿದವು. ಹವಾಯಿಯನ್ನೇ ಕಾಣದ ವಾದ್ಯಗಳ ಮೇಲೆ ‘ಹವಾಯಿಯಲ್ಲಿ ತಯಾರಾದುದು’ ಎಂಬ ಮುದ್ರೆ ಬಿದ್ದ ಪ್ರಸಂಗಗಳೂ ಉಂಟು. ನಕಲಿಗಳಿಂದ ಬೇಸತ್ತ ಹವಾಯಿಯವರು ತಮ್ಮ ವಾದ್ಯಗಳಿಗೆ ಪ್ರತ್ಯೇಕವಾದ ಗುರುತಿನ ಮುದ್ರೆಯನ್ನು ಮಾಡಿಕೊಳ್ಳಬೇಕಾಯಿತು. ಇಂಥ ಪೈಪೋಟಿಯ ನಡುವೆ, 1916ರಲ್ಲಿ, ಸ್ಯಾಮುಯೆಲ್ ಕಮಾಕಾ ಎಂಬಾತನು ಹೋನೊಲುಲುವಿನಲ್ಲಿ ಸ್ವಂತ ಕಾರ್ಯಾಗಾರವನ್ನು ಆರಂಭಿಸಿದನು. ಅನಾನಸ್ ಹಣ್ಣಿನ ಆಕಾರದ ಉಕುಲೇಲೆಯನ್ನು ರೂಪಿಸಿ 1928ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದವನು ಅವನೇ. ಅವನ ವಂಶಸ್ಥರು ಆ ಕಾರ್ಯಾಗಾರವನ್ನು ಇಂದಿಗೂ ನಡೆಸುತ್ತಿದ್ದಾರೆ. ಅಲ್ಲಿ ಅನೇಕ ವರ್ಷಗಳ ಕಾಲ ಕಿವಿ ಕೇಳದ ಕುಶಲಕರ್ಮಿಗಳು ಕೆಲಸ ಮಾಡಿದರೆಂಬುದು ಗಮನಾರ್ಹವಾದ ಸಂಗತಿ. ನಾದವನ್ನು ಕೇಳಲಾರದವರು ನಾದದ ಪೆಟ್ಟಿಗೆಯನ್ನು ಹೇಗೆ ಮಾಡಿಯಾರು ಎಂದು ಸಂಶಯಪಡಬೇಕಾಗಿಲ್ಲ. ತೆಳುವಾದ ಹಲಗೆಯನ್ನು ಬೆರಳಿನಿಂದ ತಟ್ಟಿ, ಅದರ ಕಂಪನವನ್ನು ಸ್ಪರ್ಶದಿಂದಲೇ ಅರಿತು, ಅದು ತಕ್ಕಷ್ಟು ತೆಳುವಾಗಿದೆಯೆ ಇಲ್ಲವೆ ಎಂಬುದನ್ನು ಅವರು ನಿರ್ಣಯಿಸುತ್ತಿದ್ದರು. ಕೈಗೂ ಒಂದು ಬಗೆಯ ಕಿವಿಯುಂಟು.

ಇಂಥ ಕಾರ್ಯಾಗಾರಗಳಲ್ಲದೆ, ಒಂಟಿಯಾಗಿ ಕುಳಿತು ವರ್ಷಕ್ಕೆ ಕೆಲವೇ ವಾದ್ಯಗಳನ್ನು ಮಾಡುವ ವಾದ್ಯಶಿಲ್ಪಿಗಳೂ ಹವಾಯಿಯಲ್ಲಿದ್ದಾರೆ. ತಂತಿವಾದ್ಯಗಳನ್ನು ನಿರ್ಮಿಸುವ ಕುಶಲಕರ್ಮಿಗೆ ಪಾಶ್ಚಾತ್ಯರು ‘ಲೂಥಿಯರ್’ ಎನ್ನುತ್ತಾರೆ. ಲ್ಯೂಟ್ ಎಂಬ ಹಳೆಯ ವಾದ್ಯದಿಂದ ಬಂದ ಹೆಸರು ಅದು. ಅಂಥ ಶಿಲ್ಪಿಯಿಂದ ವಾದ್ಯವನ್ನು ಹೇಳಿ ಮಾಡಿಸುವ ಕ್ರಮವನ್ನು ಒಂದು ನಿದರ್ಶನದ ಮೂಲಕ ತಿಳಿಯಬಹುದು. ಹೋನೊಲುಲುವಿನ ಒಬ್ಬ ಶಾಲಾಶಿಕ್ಷಕಿ ತನ್ನ ಅಜ್ಜನ ಹಳೆಯ ಉಕುಲೇಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾದ್ಯಶಿಲ್ಪಿಯ ಬಳಿಗೆ ಬಂದಳೆಂದು ಭಾವಿಸೋಣ. ವಾದ್ಯದ ಒಡಲು ಸೀಳಿದೆ. ಹುಳು ತಿಂದು ಒಳಗಿನ ಆಧಾರಪಟ್ಟಿಗಳು ಪುಡಿಯಾಗಿವೆ. ದುರಸ್ತಿ ಅಸಾಧ್ಯ. ‘ಇದರಂತೆಯೇ ಇನ್ನೊಂದು ಬೇಕು, ಇದೇ ನಾದ ಬೇಕು’ ಎಂದು ಅವಳು ಕೇಳುತ್ತಾಳೆ.

ಶಿಲ್ಪಿಯ ಮೊದಲ ಉತ್ತರ ಅವಳಿಗೆ ನಿರಾಸೆಯನ್ನು ತರುತ್ತದೆ. ‘ಇದೇ ನಾದವನ್ನು ಕೊಡಲಾರೆ, ಒಂದು ಮರದಂತೆ ಇನ್ನೊಂದು ಮರವಿರುವುದಿಲ್ಲ. ನಿಮ್ಮ ಅಜ್ಜನ ವಾದ್ಯವನ್ನು ಮಾಡಲಾರೆ. ನಿಮ್ಮ ವಾದ್ಯವನ್ನು ಮಾಡಬಲ್ಲೆ’ ಎನ್ನುತ್ತಾನೆ. ಅನಂತರ ಪ್ರಶ್ನೆಗಳನ್ನು ಕೇಳುವವನು ಅವನೇ. ವಾದ್ಯವನ್ನು ಎಲ್ಲಿ ನುಡಿಸುವಿರಿ? ಮನೆಯಲ್ಲಿಯೋ, ಸಭೆಯಲ್ಲಿಯೋ, ಮಕ್ಕಳ ನಡುವೆಯೋ? ಹಾಡಿಗೆ ಜೊತೆಯಾಗಿ ನುಡಿಸುವಿರೋ, ಬರಿಯ ವಾದ್ಯವನ್ನೋ? ನಿಮ್ಮ ಕಂಠ ಎತ್ತರದ್ದೋ, ತಗ್ಗಿನದ್ದೋ? ಕೊನೆಗೆ ಅವಳ ಎಡಗೈಯನ್ನು ಮೇಜಿನ ಮೇಲಿರಿಸಿ ಬೆರಳುಗಳ ಚಾಚನ್ನು ಅಳೆಯುತ್ತಾನೆ. ಬಾಲ್ಯದಲ್ಲಿ ಮುರಿದ ಕಿರುಬೆರಳು ಪೂರ್ತಿಯಾಗಿ ಚಾಚುವುದಿಲ್ಲವೆಂಬುದು ಆಗ ಹೊರಬೀಳುತ್ತದೆ. ಇಷ್ಟು ವರ್ಷ ಅಂಗಡಿಯ ವಾದ್ಯಗಳಿಗೆ ತನ್ನ ಬೆರಳನ್ನು ಹೊಂದಿಸಿಕೊಳ್ಳಲು ಅವಳು ಪಟ್ಟ ಪಾಡನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಉಕುಲೇಲೆಯಲ್ಲಿ ಮುಖ್ಯವಾಗಿ ನಾಲ್ಕು ಗಾತ್ರಗಳಿವೆ: ಸೊಪ್ರಾನೊ, ಕನ್ಸರ್ಟ್, ಟೆನರ್ ಮತ್ತು ಬ್ಯಾರಿಟೋನ್. ತಂತಿಯ ನುಡಿಯುವ ಭಾಗದ ಉದ್ದ ಮೊದಲನೆಯದರಲ್ಲಿ ಸುಮಾರು 34 ಸೆಂಟಿಮೀಟರ್, ಕೊನೆಯದರಲ್ಲಿ ಸುಮಾರು 48 ಸೆಂಟಿಮೀಟರ್. ಉದ್ದ ಹೆಚ್ಚಿದಂತೆಲ್ಲ ಮೆಟ್ಟಿಲುಗಳ ನಡುವಣ ಅಂತರ ಹೆಚ್ಚುತ್ತದೆ. ಬೆರಳು ಹೆಚ್ಚು ಚಾಚಬೇಕಾಗುತ್ತದೆ. ಉದ್ದ ಕಡಿಮೆಯಾದರೆ ಬೆರಳುಗಳು ಒಂದರ ಮೇಲೊಂದು ಬೀಳುತ್ತವೆ. ಆದುದರಿಂದ ಶಿಲ್ಪಿ ಅವಳಿಗೆ 381 ಮಿಲಿಮೀಟರ್ ತಂತಿಯ ಕನ್ಸರ್ಟ್ ಗಾತ್ರವನ್ನು ಸೂಚಿಸಿ, ದಂಡಿಯ ಮೇಲ್ತುದಿಯಲ್ಲಿ ತಂತಿಗಳ ಅಂತರವನ್ನು ತುಸು ಹೆಚ್ಚಿಸಲು ನಿರ್ಧರಿಸುತ್ತಾನೆ. ಅಜ್ಜನ ವಾದ್ಯದ ತಲೆಯ ಭಾಗದಿಂದ ಒಂದು ತೆಳುಪದರವನ್ನು ಸೀಳಿ ಹೊಸ ವಾದ್ಯದ ತಲೆಗೆ ಅಂಟಿಸುವುದಾಗಿಯೂ ಒಪ್ಪುತ್ತಾನೆ.

ಮುಂದಿನದು ಮರದ ಆಯ್ಕೆ. ಕೋವಾ ಮರ ಹವಾಯಿಯಲ್ಲಲ್ಲದೆ ಪ್ರಪಂಚದ ಬೇರೆಲ್ಲಿಯೂ ಸಹಜವಾಗಿ ಬೆಳೆಯುವುದಿಲ್ಲ. ಅದು ನಮ್ಮ ಜಾಲಿಯ ಬಳಗಕ್ಕೆ ಸೇರಿದ ಮರ. ಹವಾಯಿಯ ಪೂರ್ವಿಕರು ಇಡಿಯ ದಿಮ್ಮಿಯನ್ನು ಕೊರೆದು ಕಡಲನ್ನು ದಾಟುವ ದೋಣಿಗಳನ್ನು ಮಾಡುತ್ತಿದ್ದುದು ಕೋವಾದಿಂದಲೇ. ಆ ಪದಕ್ಕೆ ಅವರ ಭಾಷೆಯಲ್ಲಿ ವೀರ ಎಂಬ ಅರ್ಥವೂ ಉಂಟು. 1793ರಲ್ಲಿ ಜಾರ್ಜ್ ವ್ಯಾಂಕೂವರ್ ಎಂಬ ಬ್ರಿಟಿಷ್ ನಾವಿಕನು ದ್ವೀಪದ ದೊರೆ ಕಮೇಹಮೇಹನಿಗೆ ದನಗಳನ್ನು ಕಾಣಿಕೆಯಾಗಿ ಕೊಟ್ಟನು. ದೊರೆಯ ಆಜ್ಞೆಯಂತೆ ಹಲವು ವರ್ಷ ಅವುಗಳನ್ನು ಯಾರೂ ಮುಟ್ಟಲಿಲ್ಲ. ಕಾಡು ಸೇರಿದ ದನಗಳು ಅಪಾರವಾಗಿ ಹೆಚ್ಚಿ ಕೋವಾದ ಸಸಿಗಳನ್ನು ಮೇಯ್ದವು. ಮನುಷ್ಯರ ಕೊಡಲಿಯೂ ಹಿಂದೆ ಬೀಳಲಿಲ್ಲ. ದೊಡ್ಡ ಕಾಡುಗಳು ಹುಲ್ಲುಗಾವಲುಗಳಾದವು. ಈಗ ಅನೇಕ ಶಿಲ್ಪಿಗಳು ಬಿದ್ದ ಅಥವಾ ಒಣಗಿ ಸತ್ತ ಮರಗಳನ್ನು ಅರಸುತ್ತಾರೆ. ದನಗಳು ಬಾರದಂತೆ ಬೇಲಿ ಹಾಕಿದ ಎಡೆಗಳಲ್ಲಿ, ಎಷ್ಟೋ ವರ್ಷ ಮಣ್ಣಿನೊಳಗೆ ಮಲಗಿದ್ದ ಕೋವಾ ಬೀಜಗಳು ಮತ್ತೆ ಮೊಳೆಯುತ್ತವೆ. ಆದರೆ ಇಂದು ಮೊಳೆತ ಸಸಿ ವಾದ್ಯಕ್ಕೆ ತಕ್ಕ ಮರವಾಗಲು ದಶಕಗಳು ಬೇಕು. ಶಿಲ್ಪಿಯ ಕಪಾಟಿನಲ್ಲಿರುವ ಒಂದೊಂದು ಹಲಗೆಯೂ ಮರುಬೆಲೆಯಿಲ್ಲದ ಸ್ವತ್ತು.

ಅಂಥ ಹಲಗೆಗಳಲ್ಲಿ ಎರಡು ಬಗೆ. ಕೆಲವದರಲ್ಲಿ ನಾರುಗಳು ಅಲೆಅಲೆಯಾಗಿ ಹರಿದು, ಬೆಳಕಿಗೆ ಹಿಡಿದರೆ ರೇಷ್ಮೆಯಂತೆ ಮಿನುಗುತ್ತವೆ. ಇನ್ನು ಕೆಲವದರಲ್ಲಿ ನಾರುಗಳು ನೇರವಾಗಿದ್ದು ನೋಟಕ್ಕೆ ಸಾದಾ ಆಗಿರುತ್ತವೆ. ಶಿಕ್ಷಕಿಯ ಕಣ್ಣು ಸಹಜವಾಗಿ ಮಿನುಗುವ ಹಲಗೆಯ ಮೇಲೆ ಬೀಳುತ್ತದೆ. ‘ಇದು ಸುಂದರ, ಆದರೆ ಬಾಗಿಸುವಾಗ ಮುರಿಯುವ ಭಯ ಹೆಚ್ಚು. ನೇರ ನಾರಿನದು ಗಟ್ಟಿ’ ಎಂದು ಶಿಲ್ಪಿ ಎಚ್ಚರಿಸುತ್ತಾನೆ. ಅವಳು ತನ್ನ ಆಸೆಯನ್ನು ಬಿಡುವುದಿಲ್ಲ, ಅವನು ಒಪ್ಪುತ್ತಾನೆ. ಗಾತ್ರ, ಮರ, ಬೆಲೆ, ಮುಂಗಡ ಎಲ್ಲವನ್ನೂ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಮರವನ್ನು ಕೊಯ್ಯುವವರೆಗೆ ಮಾತ್ರ ಬದಲಾವಣೆಗೆ ಅವಕಾಶ. ಕೊಯ್ದ ಮೇಲೆ ಇಲ್ಲ. ಕಾಲದ ಮಾತು ಬಂದಾಗ ಅವಳು, ಮೇ ಒಂದರೊಳಗೆ ವಾದ್ಯ ಕೈಸೇರಬೇಕೆಂದು ಕೋರುತ್ತಾಳೆ. ಆ ದಿನ ಹವಾಯಿಯಲ್ಲಿ ‘ಲೇ ದಿನ’; ಲೇ ಎಂದರೆ ಹೂಮಾಲೆ. 1928ರಿಂದ ಆಚರಣೆಯಲ್ಲಿರುವ ಈ ಹಬ್ಬದಂದು ಶಾಲೆಗಳಲ್ಲಿ ಮಕ್ಕಳು ಮಾಲೆ ಧರಿಸಿ ಹಾಡಿ ಕುಣಿಯುತ್ತಾರೆ. ‘ಪ್ರಯತ್ನಿಸುವೆ, ಮಾತು ಕೊಡಲಾರೆ’ ಎನ್ನುತ್ತಾನೆ ಶಿಲ್ಪಿ.

ಕೆಲಸ ಆರಂಭವಾಗುತ್ತದೆ. ವರ್ಷಗಟ್ಟಲೆ ಒಣಗಿಸಿದ ಹಲಗೆಯನ್ನು ಪುಸ್ತಕ ಬಿಡಿಸಿದಂತೆ ಎರಡಾಗಿ ಸೀಳಿ, ಅಂಚಿಗೆ ಅಂಚು ಸೇರಿಸಿ ಅಂಟಿಸುತ್ತಾನೆ; ಆಗ ಎಡಬಲಗಳ ನಾರಿನ ಗೆರೆಗಳು ಕನ್ನಡಿಯ ಬಿಂಬದಂತೆ ಹೊಂದುತ್ತವೆ. ನಾದವನ್ನು ಹೊಮ್ಮಿಸುವ ಮೇಲ್ಹಲಗೆಯನ್ನು ಎರಡು ಮಿಲಿಮೀಟರಿಗಿಂತ ತೆಳುವಾಗುವವರೆಗೆ ಹತ್ತರಿಯಿಂದ ಹೊರೆಯುತ್ತಾನೆ. ದಪ್ಪವಾಗಿ ಉಳಿದರೆ ಹಲಗೆ ಮೂಕವಾಗುತ್ತದೆ. ಅತಿ ತೆಳುವಾದರೆ ತಂತಿಗಳ ಸೆಳೆತಕ್ಕೆ ಬಾಗುತ್ತದೆ. ಆ ಎರಡರ ನಡುವಣ ಹದವನ್ನು ಅಳತೆಗೋಲು ಪೂರ್ತಿಯಾಗಿ ಹೇಳಲಾರದು. ಹೊರೆದು, ತಟ್ಟಿ, ಕಿವಿಗೊಟ್ಟು, ಮತ್ತೆ ಹೊರೆಯಬೇಕು. ವಾಯುವಿನ ತೇವವೂ ಒಂದು ಮುಖ್ಯ ಸಂಗತಿ. ಮರ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಆದುದರಿಂದ ಕಾರ್ಯಾಗಾರದ ತೇವಾಂಶವನ್ನು ವರ್ಷವಿಡೀ ಒಂದೇ ಮಟ್ಟದಲ್ಲಿರಿಸುತ್ತಾನೆ.

ಅನಂತರ ಪಕ್ಕದ ಹಲಗೆಗಳನ್ನು ಬಾಗಿಸಬೇಕು. ತೆಳುವಾದ ಪಟ್ಟಿಯನ್ನು ನೀರಿನಿಂದ ತೋಯಿಸಿ, ಕಾದ ಲೋಹದ ಕೊಳವೆಯ ಮೇಲೆ ಒತ್ತಿದರೆ ಶಾಖಕ್ಕೆ ಮರದ ನಾರುಗಳನ್ನು ಬಂಧಿಸಿರುವ ವಸ್ತು ಮೆತ್ತಗಾಗುತ್ತದೆ. ಪಟ್ಟಿ ನಿಧಾನವಾಗಿ ಬಾಗುತ್ತದೆ. ತಣಿದ ಮೇಲೆ ಆ ಆಕಾರದಲ್ಲಿಯೇ ನಿಲ್ಲುತ್ತದೆ. ಮಾರ್ಚ್ ತಿಂಗಳ ಒಂದು ದಿನ ಹೀಗೆ ಬಾಗಿಸುತ್ತಿರುವಾಗ, ವಾದ್ಯದ ನಡುವಿನ ತಿರುವಿನಲ್ಲಿ, ಅಲೆನಾರಿನ ಆ ಸುಂದರವಾದ ಪಟ್ಟಿ ಸಣ್ಣ ಸದ್ದಿನೊಡನೆ ಬಿರಿಯುತ್ತದೆ.

ಬಿರುಕು ಕೂದಲೆಳೆಯಷ್ಟು. ಅಂಟು ತುಂಬಿ, ಒಳಗಿನಿಂದ ತೇಪೆಯಿಟ್ಟು, ಮೇಲೆ ಮೆರುಗು ಕೊಟ್ಟರೆ ಯಾರ ಕಣ್ಣಿಗೂ ಬೀಳದು. ವಾದ್ಯ ಲೇ ದಿನಕ್ಕೆ ಸಿದ್ಧವಾಗುತ್ತದೆ. ಬಾಕಿ ಹಣವೂ ಕೈಸೇರುತ್ತದೆ. ಆದರೆ ಶಿಲ್ಪಿ ಕೆಲಸ ನಿಲ್ಲಿಸಿ ಶಿಕ್ಷಕಿಯನ್ನು ಕರೆಸಿ, ಮುರಿದ ಪಟ್ಟಿಯನ್ನು ಅವಳ ಕೈಗಿಡುತ್ತಾನೆ. ‘ಇದನ್ನು ಮುಚ್ಚಬಲ್ಲೆ. ಹತ್ತು ವರ್ಷ ಬಾಳೀತು. ಮೂವತ್ತು ವರ್ಷ ಬಾಳೀತೆಂದು ಹೇಳಲಾರೆ. ಹೊಸ ಹಲಗೆಯಿಂದ ಆರಂಭಿಸಿದರೆ ಮೇ ಒಂದಕ್ಕೆ ಆಗುವುದಿಲ್ಲ. ನಷ್ಟ ನನ್ನದು, ನಿರ್ಧಾರ ನಿಮ್ಮದು’ ಎನ್ನುತ್ತಾನೆ. ಎಚ್ಚರಿಕೆಯನ್ನು ಮೀರಿ ಆ ಹಲಗೆಯನ್ನು ಆರಿಸಿದವಳು ತಾನೇ ಎಂಬುದು ಅವಳಿಗೆ ಗೊತ್ತು. ಅವನು ಆ ಮಾತನ್ನು ಎತ್ತುವುದಿಲ್ಲ; ಅದು ಅವಳ ಮನಸ್ಸನ್ನು ಇನ್ನಷ್ಟು ಚುಚ್ಚುತ್ತದೆ. ಬಹಳ ಹೊತ್ತು ಸುಮ್ಮನಿದ್ದು ಅವಳು ಕಪಾಟಿನಿಂದ ನೇರ ನಾರಿನ ಸಾದಾ ಹಲಗೆಯನ್ನು ತೆಗೆದು ಮೇಜಿನ ಮೇಲಿರಿಸುತ್ತಾಳೆ. ಆ ವರ್ಷದ ಲೇ ದಿನ ಅವಳು ಎರವಲು ತಂದ ವಾದ್ಯವನ್ನು ನುಡಿಸುತ್ತಾಳೆ.

ವಾದ್ಯವನ್ನು ಹೇಳಿ ಮಾಡಿಸುವುದರಲ್ಲಿ ಇರುವ ಕಷ್ಟ ಇದೇ. ಅಂಗಡಿಯಲ್ಲಿ ಕೊಳ್ಳುವವನು ತಯಾರಾದ ವಸ್ತುವನ್ನು ನೋಡಿ ಹಣ ಕೊಡುತ್ತಾನೆ. ಮೆಚ್ಚದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಹೇಳಿ ಮಾಡಿಸುವವನು ಇನ್ನೂ ಇಲ್ಲದ ವಸ್ತುವಿಗಾಗಿ ಹಣವನ್ನೂ ಕಾಲವನ್ನೂ ಒಪ್ಪಿಸುತ್ತಾನೆ. ಅವನಿಗಿರುವ ಆಧಾರ ಮಾಡುವವನ ಪ್ರಾಮಾಣಿಕತೆಯೊಂದೇ. ಮಾಡುವವನಿಗೂ ಬೇರೆ ಆಧಾರವಿಲ್ಲ; ಮಾಡಿಸುವವನು ಕಾದಾನೆಂಬ ನಂಬಿಕೆಯಿಂದಲೇ ಅವನು ಸತ್ಯವನ್ನು ಹೇಳಬಲ್ಲ. ಗ್ರಾಹಕನ ಅವಸರ ಅನೇಕ ವೇಳೆ ಕುಶಲಕರ್ಮಿಯನ್ನು ಸುಳ್ಳಿನ ಕಡೆಗೆ ತಳ್ಳುತ್ತದೆ. ಗ್ರಾಹಕನ ತಾಳ್ಮೆ ಅವನ ಕೈಯನ್ನು ಹಿಡಿದು ನಿಲ್ಲಿಸುತ್ತದೆ.

ಹೊಸ ಹಲಗೆಯಿಂದ ಒಡಲು ಸಿದ್ಧವಾಗುತ್ತದೆ. ದಂಡಿಯ ಮೇಲಣ ಫಲಕಕ್ಕೂ, ತಂತಿಗಳನ್ನು ಹೊರುವ ಕುದುರೆಗೂ ಬೇರೆ ಮರ ಬೇಕು. ಲೋಹದ ಮೆಟ್ಟಿಲುಗಳನ್ನು ಬಿಗಿಯಾಗಿ ಹಿಡಿದು, ಬೆರಳುಗಳ ಉಜ್ಜಾಟಕ್ಕೆ ಸವೆಯದ ಮರ. ಅದಕ್ಕಾಗಿ ಪ್ರಪಂಚದ ಬಹುಮಂದಿ ಶಿಲ್ಪಿಗಳು ಆರಿಸುವುದು ಭಾರತದ ಬೀಟೆಯನ್ನು. ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಈ ಮರವೂ ವಿರಳವಾಗುತ್ತಿದೆ. 2017ರಿಂದ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧಗಳು ಬಂದಿವೆ. ಒಡಲಿಗೆ ಮೆರುಗು ಕೊಡಲು ಕೆಲವು ಶಿಲ್ಪಿಗಳು ಬಳಸುವ ಅರಗೂ ಹೆಚ್ಚಾಗಿ ಭಾರತದಿಂದಲೇ ಹೋಗುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪನ್ನು ಕೊಡುವ ಅರಗೇ ಅದು. ಹೀಗೆ ಹವಾಯಿಯ ಪುಟ್ಟ ವಾದ್ಯದಲ್ಲಿ ಪೋರ್ಚುಗಲ್ಲಿನ ವಿದ್ಯೆ, ಹವಾಯಿಯ ಕಾಡು, ಭಾರತದ ಬೀಟೆ ಮತ್ತು ಅರಗು ಒಂದುಗೂಡುತ್ತವೆ.

ಮೆಟ್ಟಿಲುಗಳನ್ನು ಕೂರಿಸುವುದು ಶುದ್ಧ ಗಣಿತದ ಕೆಲಸ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿದ್ದು, ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಯಾದ ಅರ್ಧಕ್ಕೆ ಬರಬೇಕು. ಅದಕ್ಕಾಗಿ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲನೆಯ ಮೆಟ್ಟಿಲಿನ ದೂರ ದೊರೆಯುತ್ತದೆ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸುತ್ತ ಹೋಗಬೇಕು. ಶಿಕ್ಷಕಿಯ ವಾದ್ಯದಲ್ಲಿ ಮೊದಲ ಅಂತರ 21.4 ಮಿಲಿಮೀಟರ್, ಎರಡನೆಯದು 20.2 ಮಿಲಿಮೀಟರ್, ಹೀಗೆ ಕ್ರಮವಾಗಿ ಕಿರಿದಾಗುತ್ತವೆ. ಹಿಂದಿನ ಶಿಲ್ಪಿಗಳು ಸುಲಭವಾಗಲೆಂದು 18ರಿಂದ ಭಾಗಿಸುತ್ತಿದ್ದರು. ಈ ಸೂತ್ರವನ್ನು ಹದಿನಾರನೆಯ ಶತಮಾನದಲ್ಲಿ ಪ್ರತಿಪಾದಿಸಿದ ವಿನ್ಸೆಂಜೊ ಗೆಲಿಲಿ ಎಂಬ ಇಟಲಿಯ ಸಂಗೀತಜ್ಞನು ಪ್ರಸಿದ್ಧ ವಿಜ್ಞಾನಿ ಗೆಲಿಲಿಯೋನ ತಂದೆ. ಕೂದಲೆಳೆಯಷ್ಟು ತಪ್ಪಿದರೂ ಸ್ವರ ಕೆಡುತ್ತದೆ. ಎಷ್ಟು ಸುಂದರವಾದ ಮರವೂ ಆ ದೋಷವನ್ನು ಮುಚ್ಚಲಾರದು.

ಮಳೆಗಾಲ ಕಾಲಿಡುವ ಹೊತ್ತಿಗೆ, ಅಂದರೆ ನವೆಂಬರಿನಲ್ಲಿ, ವಾದ್ಯ ಸಿದ್ಧವಾಗುತ್ತದೆ. ಹಿಂದೆ ಕರುಳಿನ ತಂತಿಗಳಿದ್ದವು. ಈಗ ನೈಲಾನಿನಂಥ ಕೃತಕ ತಂತಿಗಳನ್ನು ಬಿಗಿಯುತ್ತಾರೆ. ಉಕುಲೇಲೆಯ ಶ್ರುತಿಯಲ್ಲಿ ಒಂದು ವಿಶೇಷವಿದೆ: ಮೇಲಿನ ತಂತಿ ಎಲ್ಲಕ್ಕಿಂತ ತಗ್ಗಿನದಾಗಿರದೆ, ಎತ್ತರದ ಸ್ವರದಲ್ಲಿರುತ್ತದೆ. ವಾದ್ಯಕ್ಕೆ ಗೆಜ್ಜೆಯ ಕಿಲಿಕಿಲಿಯಂಥ ನಗೆಮೊಗದ ನಾದ ಬರುವುದು ಅದರಿಂದಲೇ. ಶಿಕ್ಷಕಿ ವಾದ್ಯವನ್ನು ಎದೆಗೊತ್ತಿಕೊಂಡು ಮೊದಲ ಬಾರಿ ತಂತಿಗಳನ್ನು ಮೀಟುತ್ತಾಳೆ. ಅದು ಅಜ್ಜನ ವಾದ್ಯದ ನಾದವಲ್ಲ; ಅದಕ್ಕಿಂತ ತುಸು ಗಂಭೀರ, ತುಸು ಹೊಸತು. ಅವಳ ಕಿರುಬೆರಳು ಮಾತ್ರ ಯಾವ ಕಷ್ಟವೂ ಇಲ್ಲದೆ ತನ್ನ ಮೆಟ್ಟಿಲನ್ನು ತಾನೇ ಹುಡುಕಿಕೊಳ್ಳುತ್ತದೆ. ತಲೆಯ ಮೇಲೆ, ಅಜ್ಜನ ವಾದ್ಯದಿಂದ ಬಂದ ಕಪ್ಪಗಾದ ಹಳೆಯ ಪದರ ಹೊಸ ಮರದೊಡನೆ ಸೇರಿಕೊಂಡಿರುತ್ತದೆ.

ಶಿಲ್ಪಿಯ ಕೊನೆಯ ಮಾತು ಚಿಕ್ಕದು. ‘ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ. ದಿನವೂ ನುಡಿಸಿ. ನುಡಿಸಿದಷ್ಟೂ ಮರ ಹಾಡಲು ಕಲಿಯುತ್ತದೆ.’

ಮುಂದಿನ ಲೇ ದಿನ ಶಾಲೆಯ ಅಂಗಳದಲ್ಲಿ ಹೂಮಾಲೆ ಧರಿಸಿದ ಮಕ್ಕಳು ಅವಳ ಸುತ್ತ ನಿಲ್ಲುತ್ತಾರೆ. ಕಬ್ಬಿನ ಕೂಲಿಗೆಂದು ಕಡಲು ದಾಟಿ ಬಂದ ಮೂವರು ಬಡಗಿಗಳ ವಿದ್ಯೆ ಅವಳ ಕೈಯಲ್ಲಿ ನುಡಿಯುತ್ತದೆ. ಆ ನಾದದ ಹಿಂದೆ ದಶಕಗಳ ಕಾಲ ಬೆಟ್ಟದ ಮೇಲೆ ನಿಂತ ಒಂದು ಮರವಿದೆ. ಮುಚ್ಚಿಡಬಹುದಾಗಿದ್ದರೂ ಮುಚ್ಚಿಡದ ಒಂದು ಬಿರುಕಿದೆ. ಕಳೆದುಹೋದ ಒಂದು ಹಬ್ಬವಿದೆ. ವಾದ್ಯವನ್ನು ‘ಹೇಳಿ’ ಮಾಡಿಸಲು ಹೋದವಳು ತಾನೂ ಒಂದಷ್ಟನ್ನು ಕೇಳಿ ಬಂದಿರುತ್ತಾಳೆ. ಹೇಳುವವರಿಗೆ ಕೇಳುವ ಕಿವಿಯೂ, ಮಾಡುವವರಿಗೆ ಹೇಳುವ ಧೈರ್ಯವೂ ಇರುವಲ್ಲಿ ಮಾತ್ರ ಒಂದು ವಸ್ತು ನಿಜವಾಗಿಯೂ ‘ಹೇಳಿ ಮಾಡಿಸಿದಂತೆ’ ಆಗುತ್ತದೆ.